ಕೆಟ್ಟ ಹಾಳೆಯನ್ನು ಓದುವ ಬಗೆ

ಹುಕ್ಕೇರಿ, ಗೋಕಾಕ, ಮೂಡಲಗಿ ಸೀಮೆಯಲ್ಲಿ ಜಮೀನಿನ ಉತಾರ ಇಲ್ಲದೆ ರೈತನ ಕೆಲಸ ಮುಂದೆ ಸಾಗುವುದಿಲ್ಲ. ಸೊಸೈಟಿಯ ಬೆಳೆಸಾಲಕ್ಕೆ ಅದೇ ಬೇಕು, ಅಣ್ಣತಮ್ಮಂದಿರ ವಾಟ್ನಿಗೂ, ಅಂದರೆ ಆಸ್ತಿ ಪಾಲಿಗೂ, ಅದೇ ಬೇಕು. ಸರಕಾರಿ ಕಾಗದದಲ್ಲಿ ಅದರ ಹೆಸರು ಪಹಣಿ, ನಮೂನೆ 16. ದಾಖಲೆ ಇರುವುದು ಬೆಂಗಳೂರಿನ ಸರ್ವರಿನಲ್ಲಿ, ಹಾಳೆ ಹೊರಬರುವುದು ಹತ್ತರಗಿಯಂಥ ಊರಿನ ಪ್ರಿಂಟರಿನಲ್ಲಿ. ಸಾಲು ಮುರಿದೋ ಅಕ್ಷರ ಚದುರಿಯೋ ಬಂದರೆ ಆಮೇಲೆ ನಡೆಯುವುದು ಎಲ್ಲ ಕಡೆಯೂ ಒಂದೇ. ಪ್ರಿಂಟರ್ ಆಫ್ ಮಾಡಿ ಆನ್ ಮಾಡುತ್ತಾರೆ, ಡ್ರೈವರ್ ಬದಲಿಸುತ್ತಾರೆ, ಕಾಗದವನ್ನು ಕೈಯಿಂದ ಎಳೆದು ಕೂರಿಸುತ್ತಾರೆ, ಕೆಟ್ಟ ಹಾಳೆಯನ್ನು ಮುದ್ದೆ ಮಾಡಿ ಬುಟ್ಟಿಗೆ ಹಾಕುತ್ತಾರೆ. ಕೊನೆಗೆ, "ಪ್ರಿಂಟರ್ ಕೆಟ್ಟೈತ್ರಿ ಅಜ್ಜಾರ, ನಾಳಿ ಬರ್ರಿ." ಈ ರಿಪೇರಿ ಪದ್ಧತಿ ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ತಪ್ಪು ಎಲ್ಲಿದೆ ಎಂದು ಹೇಳಬಲ್ಲ ಒಂದೇ ಸಾಕ್ಷಿ ಆ ಕೆಟ್ಟ ಹಾಳೆ. ಅದನ್ನೇ ಮೊದಲು ಬಿಸಾಡುತ್ತೇವೆ.

ಎಲ್ಲೋ ಕೂತ ದೊಡ್ಡ ಯಂತ್ರ, ಇನ್ನೆಲ್ಲೋ ಇರುವ ಕಾಗದ: ಈ ವ್ಯವಸ್ಥೆ ಮೇನ್‌ಫ್ರೇಮ್ ಕಾಲದ್ದು. 1959ರಲ್ಲಿ ಐಬಿಎಂ ತನ್ನ 1401 ಕಂಪ್ಯೂಟರಿನ ಜೊತೆ ತಂದ 1403 ಪ್ರಿಂಟರ್ ಒಂದು ಸಾಲಿಗೆ 132 ಅಕ್ಷರ ಹೊಡೆಯುತ್ತಿತ್ತು. ಪುಟ ಎಲ್ಲಿ ಮುಗಿಯಬೇಕು, ಎಲ್ಲಿ ಸಾಲು ಬಿಡಬೇಕು ಎಂದು ಪ್ರೋಗ್ರಾಮೇ ಆಜ್ಞೆ ಕೊಡುತ್ತಿತ್ತು. ಆ ಕಾಲದ ರೂಢಿಯಲ್ಲಿ ಅಚ್ಚಿಗೆ ಕಳಿಸುವ ಫೈಲಿನ ಪ್ರತಿ ಸಾಲಿನ ಮೊದಲ ಅಕ್ಷರ ಓದುವುದಕ್ಕಲ್ಲ, ಆಜ್ಞೆಗೆ. 1 ಇದ್ದರೆ ಹೊಸ ಪುಟ, 0 ಇದ್ದರೆ ಒಂದು ಸಾಲು ಬಿಟ್ಟು ಮುಂದಕ್ಕೆ. ಅದೇ ಫೈಲನ್ನು ಈ ಕಟ್ಟಳೆ ಗೊತ್ತಿಲ್ಲದ ಪ್ರಿಂಟರಿಗೆ ಕಳಿಸಿದರೆ ಎಡ ಅಂಚಿನ ಉದ್ದಕ್ಕೂ ಒಂದು, ಸೊನ್ನೆಗಳು ಅಚ್ಚಾಗುತ್ತವೆ, ಪಕ್ಕದ ಅಂಕಿಗೂ ಅಂಟಿಕೊಳ್ಳಬಹುದು. ಅಂಚಿನ ಆ ಅಂಕಿಗಳನ್ನು ಗಮನಿಸಿದವನು ಪ್ರಿಂಟರನ್ನು ಮುಟ್ಟುವುದೇ ಇಲ್ಲ. ಫೈಲು ಕಳಿಸಿದ ಕಡೆಗೆ ಫೋನ್ ಮಾಡುತ್ತಾನೆ.

ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರುಗಳಲ್ಲಿ ಇನ್ನೊಂದು ಕಾಟವಿದೆ. ನಮ್ಮ ಪೇಟೆಯಲ್ಲಿ ಸಿಗುವ ತೂತಿನ ಅಂಚಿನ ಉದ್ದ ಕಾಗದದ ಅಳತೆ 10×12 ಇಲ್ಲವೇ 15×12. ಅಂದರೆ ಒಂದು ಹಾಳೆ 12 ಇಂಚು ಉದ್ದ. ಇಂಚಿಗೆ 6 ಸಾಲಿನ ಲೆಕ್ಕದಲ್ಲಿ 72 ಸಾಲು ಹಿಡಿಯುತ್ತದೆ. ಅಮೆರಿಕದ ರೂಢಿಯಂತೆ 11 ಇಂಚಿಗೆ ಬರೆದ ಪ್ರೋಗ್ರಾಮು 66 ಸಾಲಿಗೇ ಪುಟ ಮುಗಿಯಿತೆಂದು ತಿಳಿಯುತ್ತದೆ. ಹೀಗಾಗಿ ಎರಡನೆಯ ಪುಟದ ತಲೆಬರಹ ಮೊದಲ ಹಾಳೆಯ ಕೊನೆಯ ಇಂಚಿನಲ್ಲೇ ಬೀಳುತ್ತದೆ, ಮೂರನೆಯದು ಎರಡು ಇಂಚು ಮೊದಲೇ. ಗುಂಡಿ ತಿರುಗಿಸಿ ಪ್ರತಿ ಹಾಳೆಯನ್ನೂ ಹೊಂದಿಸುವವರ ಶ್ರಮವನ್ನು ಕಂಡರೆ ಸಂಕಟವಾಗುತ್ತದೆ. ಒಂದು ಸ್ಕೇಲ್ ಇಟ್ಟು ಅಳೆದರೆ ಸಾಕು. ಜರುಗುವಿಕೆ ಪ್ರತಿ ಪುಟಕ್ಕೂ ಅಷ್ಟಷ್ಟೇ ಬೆಳೆಯುತ್ತಿದ್ದರೆ ಪುಟದ ಉದ್ದದ ಸೆಟ್ಟಿಂಗ್ ತಪ್ಪಿದೆ, ಒಮ್ಮೆ ಹೆಚ್ಚು ಒಮ್ಮೆ ಕಡಿಮೆ ಆದರೆ ಕಾಗದ ಜಾರುತ್ತಿದೆ. 132 ಅಕ್ಷರದ ಸಾಲು 80 ಅಕ್ಷರದ ಪ್ರಿಂಟರಿಗೆ ಬಂದಾಗ ಅಕ್ಷರ ಕಿರಿದಾಗಿಸುವ ಆಜ್ಞೆ ದಾರಿಯಲ್ಲಿ ತಪ್ಪಿಹೋದರೆ ಸಾಲಿನ ಬಾಲ ಕೆಳಗೆ ಮಡಚಿಕೊಳ್ಳುತ್ತದೆ. ಜಮೀನಿನ ಪಟ್ಟಿಯಲ್ಲಿ ಹೀಗಾದರೆ ಒಬ್ಬರ ಎಕರೆ-ಗುಂಟೆ ಇನ್ನೊಬ್ಬರ ಹೆಸರಿನ ಎದುರಿಗೆ ಬಂದು ಕೂರುತ್ತದೆ. ಇದನ್ನು ಅಂದಚೆಂದದ ದೋಷವೆಂದು ಕಡೆಗಣಿಸುವುದನ್ನು ನಾನು ಒಪ್ಪಲಾರೆ.

ಕನ್ನಡದ ತೊಡಕು ಇದಕ್ಕಿಂತ ಆಳದ್ದು. ‘ನುಡಿ’ಯಂಥ ಹಳೆಯ ಫಾಂಟುಗಳು ಕನ್ನಡ ಅಕ್ಷರದ ಚೂರುಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದ್ದವು. ಆ ಫಾಂಟ್ ಇಲ್ಲದ ಕಡೆ ಹೆಸರಿನ ಬದಲು ಇಂಗ್ಲಿಷ್ ಅಕ್ಷರಗಳ ಗೊಂದಲ ಅಚ್ಚಾಗುತ್ತದೆ. ಯುನಿಕೋಡ್ ಆ ರೋಗವನ್ನು ಬಹುಮಟ್ಟಿಗೆ ಕಳೆದರೂ ಅಳತೆಯ ಸಮಸ್ಯೆ ಉಳಿಯಿತು. ಹತ್ತರಗಿ ಎಂಬ ಹೆಸರನ್ನೇ ನೋಡಿ. ಕಣ್ಣಿಗೆ ನಾಲ್ಕು ಅಕ್ಷರ, ಯುನಿಕೋಡಿನಲ್ಲಿ 7 ಸಂಕೇತ, ಯುಟಿಎಫ್-8 ಕ್ರಮದಲ್ಲಿ 21 ಬೈಟ್. ಊರಿನ ಹೆಸರಿಗೆ 20 ಬೈಟ್ ಸಾಕೆಂದು ಯಾರಾದರೂ ಜಾಗ ಕೊಟ್ಟಿದ್ದರೆ ಕೊನೆಯ ಗುಣಿಸು ಅರ್ಧಕ್ಕೆ ಕತ್ತರಿಸಿಹೋಗಿ, ‘ಹತ್ತರಗ’ ಎಂದಾಗಿ ಪಕ್ಕಕ್ಕೊಂದು ಪ್ರಶ್ನಾರ್ಥಕ ಚಿಹ್ನೆ ನಿಲ್ಲುತ್ತದೆ. ಅಕ್ಷರ ಜೋಡಿಸುವ ತಂತ್ರಾಂಶ ಇಲ್ಲದಿದ್ದರೆ ತ-ಒತ್ತು ಕೆಳಗಿಳಿಯದೆ ‘ಹತ್‌ತರಗಿ’ ಆಗುತ್ತದೆ. ಇಂಚಿಗೆ 8 ಸಾಲು ತುರುಕಿದರೆ ಒತ್ತಕ್ಷರ ಕೆಳಗಿನ ಸಾಲಿನ ಗುಣಿಸಿಗೆ ತಾಗುತ್ತದೆ. ಇವು ಮೂರೂ ಬೇರೆ ಬೇರೆ ಕಾಯಿಲೆಗಳು, ಮದ್ದು ಸಿಗುವ ಜಾಗವೂ ಬೇರೆ ಬೇರೆ. ಇಂಗ್ಲಿಷ್ ಟೆಸ್ಟ್ ಪೇಜ್ ಹೊಡೆದು "ಪ್ರಿಂಟರ್ ಚಲೋ ಐತಿ" ಎಂದರೆ ಇವುಗಳಲ್ಲಿ ಒಂದೂ ಗೊತ್ತಾಗುವುದಿಲ್ಲ.

ಸರಕಾರದ ‘ಭೂಮಿ’ ಯೋಜನೆಯ ಹಿರಿಮೆಯನ್ನು ಇಲ್ಲಿ ಮನಸಾರೆ ಒಪ್ಪಬೇಕು. ಈ ಶತಮಾನದ ಆರಂಭದಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಕೈಬರಹದ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ, 15 ರೂಪಾಯಿಗೆ ಕನ್ನಡದ ಅಚ್ಚು ಪ್ರತಿಯನ್ನು ಕೌಂಟರಿನಲ್ಲೇ ಕೈಗಿಟ್ಟದ್ದು ದೊಡ್ಡ ಕೆಲಸ. ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವೆಂದ ಮೇಲೆ ಅಚ್ಚಿನ ಹಾಳೆಯ ಭಾರ ಹೆಚ್ಚಿತು. 9ನೇ ಕಾಲಮಿನಲ್ಲಿ ಖಾತೆದಾರನ ಹೆಸರು, 11ರಲ್ಲಿ ಹಕ್ಕು ಮತ್ತು ಋಣ. ಈ ಎರಡರಲ್ಲಿ ಒಂದು ಸಾಲು ಜಾರಿದರೂ ಸಾಲ ಕೊಡುವವನು ಕಾಗದ ವಾಪಸ್ ಕೊಡುತ್ತಾನೆ.

ಈಗ ಪುಟದ ವಿನ್ಯಾಸ ಪಿಡಿಎಫ್ ಫೈಲಿನೊಳಗೇ ಗಟ್ಟಿಯಾಗಿ ಕೂತು ಬರುವುದರಿಂದ ಹಳೆಯ ಕಾಟಗಳು ಕಡಿಮೆ. ಸಾಲು ಎಣಿಸುವ ಹೊಣೆ ಪ್ರಿಂಟರಿನದ್ದಲ್ಲ. ಈ ಬದಲಾವಣೆ ನನಗೆ ಪೂರ್ತಿ ಒಪ್ಪಿಗೆ, ತಕರಾರು ಇರುವುದು ಅದನ್ನು ಬಳಸುವ ರೀತಿಯ ಬಗ್ಗೆ ಮಾತ್ರ. ಪರದೆಯ ಮೇಲೆ ಸರಿಯಿದ್ದು ಕಾಗದದಲ್ಲಿ ಕೆಟ್ಟರೆ ತಪ್ಪು ಪ್ರಿಂಟರಿನ ಕಡೆಯದು, ಅಚ್ಚು ಕೊಡುವ ಅಂಗಡಿಯವನೇ ಸರಿಪಡಿಸಬಹುದು. ಪರದೆಯಲ್ಲೇ ಹೆಸರು ಮುರಿದಿದ್ದರೆ ಟೋನರ್ ಬದಲಿಸಿ ಫಲವಿಲ್ಲ, ಅದು ಮೇಲಿನವರ ಕೆಲಸ. ಇದನ್ನು ನೋಡಿ ಹೇಳಲು ಎರಡು ನಿಮಿಷ ಸಾಕು. ನೋಡದೆ ಹೋದರೆ ಬರೀ ಅಚ್ಚಿನ ದೋಷಕ್ಕೆ ರೈತ ತಹಶೀಲ್ದಾರ್ ಕಚೇರಿಯಲ್ಲಿ ತಿದ್ದುಪಡಿ ಅರ್ಜಿ ಹಿಡಿದು ನಿಲ್ಲಬೇಕಾಗುತ್ತದೆ, ಇಲ್ಲವೇ ದಾಖಲೆಯಲ್ಲೇ ಇರುವ ತಪ್ಪು ಪ್ರಿಂಟರಿನ ತಲೆಗೆ ಹೋಗಿ ವರ್ಷಗಟ್ಟಲೆ ಹಾಗೇ ಉಳಿಯುತ್ತದೆ. ಮುರಿದ ಹೆಸರನ್ನು ಪೆನ್ನಿನಿಂದ ತಿದ್ದಿ ಕೊಡುವುದಂತೂ ಎಲ್ಲಕ್ಕಿಂತ ಕೆಟ್ಟದ್ದು. ಆ ಹಾಳೆಯನ್ನು ಯಾವ ಬ್ಯಾಂಕೂ ಮುಟ್ಟುವುದಿಲ್ಲ.

ಅಚ್ಚು ಕೊಡುವ ಪ್ರತಿ ಕೌಂಟರಿನಲ್ಲೂ ಒಂದು ಕನ್ನಡ ಟೆಸ್ಟ್ ಪೇಜ್ ಇರಲಿ. ಅದರಲ್ಲಿ ಹತ್ತರಗಿ, ಹುಕ್ಕೇರಿ, ಸಂಕೇಶ್ವರದಂಥ ಒತ್ತಿನ ಹೆಸರುಗಳಿರಲಿ, ಎಕರೆ-ಗುಂಟೆಯ ನಾಲ್ಕು ಸಾಲು, ಅಂಚಿಗೆ ಇಂಚಿನ ಗುರುತು ಇರಲಿ. ಕೆಟ್ಟ ಹಾಳೆಗಳನ್ನು ತಾರೀಕು ಹಾಕಿ ಒಂದು ಫೈಲಿಗೆ ಸೇರಿಸಿ, ತಂತ್ರಾಂಶ ನೋಡಿಕೊಳ್ಳುವವರಿಗೆ ಅವುಗಳ ಫೋಟೊ ಕಳಿಸಲಿ. "ನಾಳಿ ಬರ್ರಿ" ಅನ್ನುವ ಮೊದಲು, ನಾಳೆ ಏನು ಬದಲಾಗಿರುತ್ತದೆ ಎಂಬುದನ್ನೂ ರೈತನಿಗೆ ಹೇಳಲಿ.