ಹರಾಜಿನ ಪಟ್ಟಿಕೆಯಲ್ಲಿ ಜಿನಬಿಂಬ

ಸವಾಲು ಎಂಬ ಶಬ್ದ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಭಾಗದ ಶ್ರಾವಕರಿಗೆ ಹೊಸದಲ್ಲ. ಪಂಚಕಲ್ಯಾಣ ಮಹೋತ್ಸವದಲ್ಲಿ ಕಲಶಗಳ ಸವಾಲು ನಡೆಯುತ್ತದೆ. ಹೆಚ್ಚು ಕೂಗಿದವರು ಅಭಿಷೇಕದ ಪುಣ್ಯಕ್ಕೆ ಭಾಗಿಗಳಾಗುತ್ತಾರೆ. ಅಲ್ಲಿ ಹಣ ಬಸದಿಗೆ ಸೇರುತ್ತದೆ, ಜಿನಬಿಂಬ ತನ್ನ ಪೀಠದಲ್ಲಿಯೇ ಇರುತ್ತದೆ. ಲಂಡನ್, ನ್ಯೂಯಾರ್ಕ್ ನಗರಗಳ ಹರಾಜಿನಲ್ಲಿ ಬಿಂಬವೇ ಹೊರಡುತ್ತದೆ, ಹಣ ಯಾರದೋ ಮನೆ ಸೇರುತ್ತದೆ. ಆ ಹರಾಜುಗಳಿಗೆ ಮುನ್ನ ಅಚ್ಚಾಗುವ ಪಟ್ಟಿಕೆಗಳನ್ನು ಕೆಲವು ವರ್ಷಗಳಿಂದ ಓದುತ್ತ ಬಂದಿದ್ದೇನೆ. ಅವುಗಳನ್ನೂ ಒಂದು ಬಗೆಯ ಸಾಹಿತ್ಯವೆಂದೆಣಿಸಿ ಇಲ್ಲಿ ವಿಮರ್ಶಿಸಲು ಯತ್ನಿಸಿದ್ದೇನೆ.

ಮೊದಲು ಗುಣವನ್ನು ಹೇಳಬೇಕು. ಬಿಂಬದ ಎತ್ತರ, ಲೋಹ, ಶತಮಾನ, ಲಾಂಛನ, ಯಕ್ಷ-ಯಕ್ಷಿಯರ ವಿವರ, ಹಿಂಬದಿಯ ಬರಹದ ವಾಚನ ಎಲ್ಲವೂ ಅವುಗಳಲ್ಲಿ ಅಚ್ಚುಕಟ್ಟಾಗಿರುತ್ತವೆ. ನಮ್ಮ ಎಷ್ಟೋ ಬಸದಿಗಳ ದಫ್ತರಿನಲ್ಲಿ ಇಷ್ಟು ಮಾಹಿತಿ ದೊರೆಯದು. ಆದರೆ ವಸ್ತು ಎಲ್ಲಿಂದ ಬಂತು ಎಂಬ ಪ್ರಶ್ನೆ ಬಂದೊಡನೆ ಆ ನಿರರ್ಗಳ ಭಾಷೆ ತಡವರಿಸತೊಡಗುತ್ತದೆ. 'ಯುರೋಪಿನ ಒಬ್ಬ ಖಾಸಗಿ ಸಂಗ್ರಾಹಕರಿಂದ', '1970ಕ್ಕೆ ಮೊದಲು ಪಡೆದದ್ದು' ಎಂಬಂತಹ ಒಂದು ಸಾಲಿನಲ್ಲಿ ಸಾವಿರ ವರ್ಷದ ಚರಿತ್ರೆ ಮುಗಿಯುತ್ತದೆ. ನಾನು ವ್ಯಾಪಾರಿ. ಆರಂಭದ ಶಿಲ್ಕಿಗೆ ಪಾವತಿಯೇ ಇಲ್ಲದ ಖಾತೆಯನ್ನು ಯಾವ ಲೆಕ್ಕಪರಿಶೋಧಕನೂ ಒಪ್ಪಲಾರ.

ಹಳೆಯ ನಾಣ್ಯ, ವಿಗ್ರಹಗಳನ್ನು ಬಲ್ಲ ಸಂಗ್ರಾಹಕರು ಇದನ್ನು ನಮಗಿಂತ ಮೊದಲೇ ಅರಿತಿದ್ದಾರೆ. ಅವರ ಹಾಸ್ಯ ಕೇಳುವಂತಿರುತ್ತದೆ. "ಆ ಯುರೋಪಿನ ಯಜಮಾನರ ಕಪಾಟು ಬೆಳಗಾವಿ ಕೋಟೆಗಿಂತ ದೊಡ್ಡದಿರಬೇಕು, ಎಷ್ಟು ತೆಗೆದರೂ ಬರಿದಾಗುವುದಿಲ್ಲ" ಎಂದು ಪರಿಚಿತರೊಬ್ಬರು ಹೇಳುತ್ತಾರೆ. ಹೊಸ ಹಿತ್ತಾಳೆಯನ್ನು ಉಪ್ಪು ಬೆರೆಸಿದ ಮಣ್ಣಿನಲ್ಲಿ ಹೂಳಿ ಹಸಿರು ಕಿಲುಬು ಹಿಡಿಸುವವರನ್ನು ಕುರಿತು ಅವರದೇ ಇನ್ನೊಂದು ಮಾತು: "ಶ್ರಾವಣದಲ್ಲಿ ಹೂತದ್ದು ದೀಪಾವಳಿಗೆ ಹನ್ನೆರಡನೆಯ ಶತಮಾನದ್ದಾಗುತ್ತದೆ." ನಕ್ಕ ಮೇಲೆ ಒಂದು ಸಂಶಯ ಉಳಿಯುತ್ತದೆ. ಬಿಂಬ ನಕಲಿಯಾದರೆ ಕೊಂಡವನಿಗೆ ಮೋಸ; ಅಸಲಿಯಾದರೆ ಯಾವುದೋ ಊರಿನ ಬಸದಿಗೆ ಮೋಸವಾಗಿರಬಹುದು.

1970 ಎಂಬ ವರ್ಷ ಆಕಸ್ಮಿಕವಲ್ಲ. ಸಾಂಸ್ಕೃತಿಕ ಸ್ವತ್ತಿನ ಅಕ್ರಮ ಸಾಗಾಣಿಕೆಯನ್ನು ತಡೆಯುವ ಯುನೆಸ್ಕೊ ಒಪ್ಪಂದ ಆ ವರ್ಷ ಆಯಿತು. ನಮ್ಮ ದೇಶದ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆ 1972ರದು, ಜಾರಿಗೆ ಬಂದದ್ದು 1976ರಲ್ಲಿ. ಅದರಂತೆ ನೂರು ವರ್ಷ ದಾಟಿದ ವಿಗ್ರಹವನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ಆದುದರಿಂದಲೇ ಪಟ್ಟಿಕೆಗಳಿಗೆ 1970ರ ಹಿಂದಿನ ದಿನಗಳ ಮೇಲೆ ಅಷ್ಟೊಂದು ಪ್ರೀತಿ.

ಕಾಗದಪತ್ರ ಸರಿಯಿದ್ದರೆ ಎಲ್ಲವೂ ಸರಿಯೆ? 1898ರಲ್ಲಿ ಪಿಪ್ರಾಹ್ವಾ ಸ್ತೂಪದಲ್ಲಿ ಬುದ್ಧನ ಧಾತುಗಳೊಡನೆ ದೊರೆತ ರತ್ನಗಳಲ್ಲಿ ಒಂದು ಪಾಲು, ಅಗೆಸಿದ ಇಂಗ್ಲಿಷ್ ಜಮೀನುದಾರನ ಮನೆತನದಲ್ಲಿ ಉಳಿದಿತ್ತು. ಅದರ ಮೂಲ ಎಲ್ಲರಿಗೂ ತಿಳಿದದ್ದೇ. 2025ರ ಮೇ ತಿಂಗಳಲ್ಲಿ ಹಾಂಗ್‌ಕಾಂಗಿನಲ್ಲಿ ಅದನ್ನು ಹರಾಜಿಗಿಡಲು ಹೊರಟಾಗ ಭಾರತ ಸರ್ಕಾರ ನೋಟೀಸು ನೀಡಿತು, ಹರಾಜು ನಿಂತಿತು, ಜುಲೈಯಲ್ಲಿ ರತ್ನಗಳು ದೇಶಕ್ಕೆ ಮರಳಿದವು. ಪೂಜ್ಯವಾದುದಕ್ಕೆ ಬೆಲೆ ಕೂಗಬಹುದೆ ಎಂಬ ಪ್ರಶ್ನೆಗೆ ಪಾವತಿ ಉತ್ತರವಾಗದು.

ಈ ವಿಷಯದಲ್ಲಿ ನಮ್ಮ ಆಚಾರ್ಯರು ವ್ಯಾಪಾರಿಗಳ ಮನಸ್ಸನ್ನು ಚೆನ್ನಾಗಿ ಅರಿತಿದ್ದರು. ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಕಳ್ಳತನಕ್ಕೆ ಪ್ರೇರಣೆ, ಕಳವಿನ ಮಾಲನ್ನು ಕೊಳ್ಳುವುದು, ರಾಜ್ಯದ ಕಟ್ಟಳೆ ಮೀರುವುದು, ತೂಕ-ಅಳತೆಯಲ್ಲಿ ಮೋಸ, ನಕಲಿಯನ್ನು ಅಸಲಿಯೆಂದು ಮಾರುವುದು ಸೇರಿವೆ. ಪುರಾವಸ್ತುಗಳ ಅಕ್ರಮ ಪೇಟೆಯಲ್ಲಿ ತೂಕದ ಮೋಸವೊಂದನ್ನು ಬಿಟ್ಟು ಉಳಿದ ನಾಲ್ಕೂ ಕಾಣಸಿಗುತ್ತವೆ.

ಆ ಐದನೆಯದು ನಮ್ಮಲ್ಲಿಯೇ ಇದೆಯೋ ಏನೋ. ಸುಮಾರು ಮೂವತ್ತು ವರ್ಷಗಳ ಹಿಂದೆ ಒಂದು ಬಸದಿಯ ಜೀರ್ಣೋದ್ಧಾರವಾದಾಗ ನಾನು ಅಲ್ಲಿಯ ವಿಶ್ವಸ್ತರಲ್ಲಿ ಒಬ್ಬನಾಗಿದ್ದೆ. ಹಳೆಯ ಹಿತ್ತಾಳೆಯ ಪ್ರಭಾವಳಿ, ಸವೆದ ಸಣ್ಣ ಬಿಂಬಗಳು, ದೀಪಗಳನ್ನು 'ಜೀರ್ಣ ಸಾಮಾನು' ಎಂದು ಬರೆದು ಕಿಲೋ ಲೆಕ್ಕದಲ್ಲಿ ಮಾರಿದೆವು. ಪೀಠದ ಹಿಂದೆ ಏನೋ ಬರಹವಿತ್ತು. ಯಾರೂ ಓದಲಿಲ್ಲ, ಫೋಟೊ ತೆಗೆಯಲಿಲ್ಲ. ರಸೀದಿಯ ಮೇಲೆ ನನ್ನ ಸಹಿಯೂ ಇದೆ. ಇಂದು ಪಟ್ಟಿಕೆಗಳ ಪುಟ ತಿರುವುವಾಗ ನಾನು ಆ ಪೀಠವನ್ನು ಹುಡುಕುತ್ತಿರುತ್ತೇನೆ. ಕಂಡರೂ ನಮ್ಮದೆಂದು ಸಾಧಿಸಲು ನನ್ನ ಬಳಿ ಏನೂ ಇಲ್ಲ.

ಸಾಧಿಸಲು ಸಾಧ್ಯವಾದ ಉದಾಹರಣೆಯೂ ಇದೆ. ತಮಿಳುನಾಡಿನ ಶ್ರೀಪುರಂತನ್ ಗ್ರಾಮದ ನಟರಾಜನನ್ನು ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ಯಾಲರಿ 2008ರಲ್ಲಿ ಸುಮಾರು 50 ಲಕ್ಷ ಡಾಲರುಗಳಿಗೆ ಕೊಂಡಿತ್ತು. ಪಾಂಡಿಚೇರಿಯ ಫ್ರೆಂಚ್ ಸಂಸ್ಥೆ ದೇವಾಲಯದಲ್ಲಿಯೇ ತೆಗೆದಿಟ್ಟಿದ್ದ ಛಾಯಾಚಿತ್ರಗಳು ಸಾಕ್ಷಿಯಾದವು. 2014ರಲ್ಲಿ ಮೂರ್ತಿ ಮರಳಿತು. ನಮ್ಮವರೇ ಆದ ರಟ್ಟರ ಕಥೆ ಬೇರೆ. ನಾಲ್ಕನೆಯ ಕಾರ್ತವೀರ್ಯನ ಕಾಲದಲ್ಲಿ, 1204ರಲ್ಲಿ, ಬೆಳಗಾವಿಯ ರಟ್ಟ ಜಿನಾಲಯಕ್ಕೆ ಸಂದ ದತ್ತಿಗಳ ಶಾಸನಗಳನ್ನು ಓದಬೇಕಾದರೆ ಈಗಲೂ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ ಕಡೆಗೇ ನೋಡಬೇಕು.

ಆದುದರಿಂದ ಬಸದಿಗಳ ವಿಶ್ವಸ್ತರಲ್ಲಿ ನನ್ನ ವಿನಂತಿ ಇಷ್ಟೆ. ಪ್ರತಿ ಬಿಂಬದ ಮುಂದಿನ, ಹಿಂದಿನ, ಪೀಠದ ಛಾಯಾಚಿತ್ರ ತೆಗೆಸಿ ಎತ್ತರ, ತೂಕ, ಬರಹಗಳನ್ನು ವಹಿಯಲ್ಲಿ ದಾಖಲಿಸಿರಿ. ಒಂದು ಪ್ರತಿ ಬೇರೆಡೆ ಇರಲಿ. ನೂರು ವರ್ಷ ಮೀರಿದವನ್ನು ಪುರಾತತ್ವ ನೋಂದಣಿ ಅಧಿಕಾರಿಯಲ್ಲಿ ನೋಂದಾಯಿಸಿರಿ. ಜೀರ್ಣೋದ್ಧಾರದಲ್ಲಿ ಹೊರತೆಗೆದ ಯಾವುದನ್ನೂ ತಕ್ಕಡಿಗೆ ಹಾಕುವ ಮೊದಲು ಬಲ್ಲವರೊಬ್ಬರಿಂದ ಓದಿಸಿರಿ. ಹರಾಜಿನವರು ಮಾರುವುದಕ್ಕಾಗಿ ಮಾಡುವ ಕೆಲಸವನ್ನು ನಾವು ಉಳಿಸಿಕೊಳ್ಳುವುದಕ್ಕಾಗಿಯಾದರೂ ಮಾಡೋಣ.