ಹೊಕ್ಕುಳಬಳ್ಳಿ ಹರಿದವರು ಯಾರು?

ಮಗು ಸರಿಯಿಲ್ಲ ಅಂದ ಕೂಡಲೆ ಲೋಕ ಮೊದಲು ಹುಡುಕುವುದು ತಾಯಿಯನ್ನು. ಆಕೆ ಬಡವಳಾಗಿ, ಮೇಲಾಗಿ ಕುಡಿಯುವವಳೂ ಆಗಿದ್ದರೆ ಮುಗಿಯಿತು, ಹುಡುಕಾಟ ಅಲ್ಲಿಗೇ ನಿಲ್ಲುತ್ತದೆ. ಅಮೆರಿಕದ ಮೈಕೆಲ್ ಡೋರಿಸ್ 1989ರಲ್ಲಿ ಪ್ರಕಟಿಸಿದ ‘ದಿ ಬ್ರೋಕನ್ ಕಾರ್ಡ್’ ಎಂಬ ಪುಸ್ತಕವನ್ನು ನಾವು ಈ ಮಾತು ನೆನಪಿಟ್ಟುಕೊಂಡೇ ಓದಬೇಕು. ದತ್ತುಮಗನನ್ನು ಸಾಕಿದ ತಂದೆಯೊಬ್ಬನ ಕಥನ ಇದು. ಇದರ ಸಂಕಟ ನಿಜ. ಆ ಸಂಕಟ ತಲುಪುವ ತೀರ್ಮಾನದ ಬಗ್ಗೆ ನಮಗೆ ಜಗಳವಿದೆ.

ಡೋರಿಸ್ ಕಾಲೇಜು ಮೇಷ್ಟ್ರು. ತನ್ನನ್ನು ಮೋಡಾಕ್ ಮೂಲನಿವಾಸಿಗಳ ವಂಶದವನೆಂದು ಹೇಳಿಕೊಂಡಿದ್ದ. ಆ ಮಾತು ಮುಂದೆ ಪ್ರಶ್ನೆಗೆ ಒಳಗಾಯಿತು. ಇನ್ನೂ ಮದುವೆಯಾಗದ ಈತ 1971ರಲ್ಲಿ ಸೂ ಬುಡಕಟ್ಟಿನ ಮೂರು ವರ್ಷದ ಹುಡುಗನನ್ನು ದತ್ತು ತಂದ. ಪುಸ್ತಕದಲ್ಲಿ ಹುಡುಗನ ಹೆಸರು ಆಡಂ. ಬುದ್ಧಿ ಬೆಳೆದಿಲ್ಲ ಅಂತ ಮೊದಲೇ ಹೇಳಿದ್ದರು. ಒಳ್ಳೆ ಊಟ, ಪ್ರೀತಿ, ಪಾಠ ಸಿಕ್ಕರೆ ಎಲ್ಲಾ ಸರಿಹೋಗ್ತದೆ ಅಂತ ತಂದೆ ನಂಬಿದ.

ಸರಿಹೋಗಲಿಲ್ಲ. ಫಿಟ್ಸ್ ಬಂತು. ಇವತ್ತು ಕಲಿತದ್ದು ನಾಳೆಗೆ ಉಳಿಯಲಿಲ್ಲ. ದುಡ್ಡಿನ ಲೆಕ್ಕ, ಗಡಿಯಾರದ ಲೆಕ್ಕ ತಲೆಗೆ ಹತ್ತಲಿಲ್ಲ. ಡಾಕ್ಟರುಗಳ ಹಿಂದೆ, ಶಾಲೆಗಳ ಹಿಂದೆ ತಂದೆ ವರ್ಷಗಟ್ಟಲೆ ಅಲೆದ. ಕಾಯಿಲೆಗೆ ಒಂದು ಹೆಸರೂ ಗಟ್ಟಿಯಾಗಿ ನಿಲ್ಲದ ಈ ಭಾಗವೇ ಪುಸ್ತಕದ ಜೀವ. ಹೆಸರಿಲ್ಲದ ತೊಂದರೆ ಇರುವ ಮಗುವನ್ನು ಸಾಕುವುದೆಂದರೆ ಏನೆಂದು ಇಲ್ಲಿ ಗೊತ್ತಾಗುತ್ತದೆ.

ಸುಮಾರು ಹತ್ತು ವರ್ಷ ಕಳೆದ ಮೇಲೆ ದಕ್ಷಿಣ ಡಕೋಟದ ಪೈನ್ ರಿಡ್ಜ್ ಮೀಸಲು ಪ್ರದೇಶದಲ್ಲಿ ತನ್ನ ಮಗನನ್ನೇ ಹೋಲುವ ಹುಡುಗರನ್ನು ಡೋರಿಸ್ ಕಂಡ. ಆಗ ಸಿಕ್ಕ ಹೆಸರು ‘ಫೀಟಲ್ ಆಲ್ಕೋಹಾಲ್ ಸಿಂಡ್ರೋಮ್’. ಬಸುರಿಯ ಕುಡಿತ ಹೊಟ್ಟೆಯೊಳಗಿನ ಮಗುವಿನ ಮಿದುಳಿಗೆ ಮಾಡುವ ಗಾಯ ಇದು. 1973ರಲ್ಲಿ ಸಿಯಾಟಲ್‌ನ ವೈದ್ಯರು ಇಟ್ಟ ಹೆಸರು. ಇದನ್ನು ಖಚಿತಪಡಿಸುವ ರಕ್ತಪರೀಕ್ಷೆ ಇಲ್ಲ. ಮುಖಲಕ್ಷಣ, ಬೆಳವಣಿಗೆ, ನಡವಳಿಕೆ, ತಾಯಿ ಕುಡಿದಿದ್ದಳೇ ಎಂಬ ಚರಿತ್ರೆ ಇವನ್ನೆಲ್ಲ ಕೂಡಿಸಿ ಹೇಳಬೇಕು. ಗಾಯಗೊಂಡ ಎಷ್ಟೋ ಮಕ್ಕಳ ಮುಖದಲ್ಲಿ ಗುರುತೇ ಇರುವುದಿಲ್ಲ. ದತ್ತುಮಕ್ಕಳ ಕಡತದಲ್ಲಂತೂ ಹೆತ್ತವಳು ಒಂದೆರಡು ಸಾಲಿನಲ್ಲಿ ಮುಗಿದುಹೋಗಿರುತ್ತಾಳೆ.

ಹೆಸರು ಸಿಕ್ಕಿದ ಮೇಲೆ ಪುಸ್ತಕದ ದನಿಯೇ ಬದಲಾಗುತ್ತದೆ. ತಂದೆಯ ದುಃಖ ಸಿಟ್ಟಾಗಿ, ಆ ಸಿಟ್ಟು ಹೆತ್ತವಳ ಮೇಲೆ ತಿರುಗುತ್ತದೆ. ಕುಡಿಯುವ ಬಸುರಿಯರನ್ನು ಹೆರಿಗೆಯವರೆಗೂ ಕೂಡಿಹಾಕಬೇಕೆನ್ನುವ ಮಾತಿನ ಕಡೆಗೆ ಪುಸ್ತಕ ವಾಲುತ್ತದೆ. ಡಕೋಟ ಜನರ ಲೇಖಕಿ ಎಲಿಜಬೆತ್ ಕುಕ್-ಲಿನ್ ಇದನ್ನು ವಿರೋಧಿಸಿದರು. ನಾವು ಅವರ ಕಡೆಗೆ ನಿಲ್ಲುತ್ತೇವೆ.

ಯಾಕೆಂದರೆ ಪೈನ್ ರಿಡ್ಜ್‌ನೊಳಗೆ ಮದ್ಯಕ್ಕೆ ನಿಷೇಧವಿತ್ತು. ಗಡಿ ದಾಟಿದರೆ ನೆಬ್ರಾಸ್ಕದ ವೈಟ್‌ಕ್ಲೇ. ಹದಿನೈದು ಜನವೂ ವಾಸವಿಲ್ಲದ ಆ ಊರಿನಲ್ಲಿ ನಾಲ್ಕು ಬಿಯರ್ ಅಂಗಡಿ! ವರ್ಷಕ್ಕೆ 30 ಲಕ್ಷಕ್ಕೂ ಹೆಚ್ಚು ಡಬ್ಬಿ ಮಾರಾಟ. 2017ರಲ್ಲಿ ಮುಚ್ಚುವವರೆಗೂ ಇವುಗಳಿಗೆ ಸರಕಾರದ ಲೈಸೆನ್ಸ್ ಇತ್ತು. ಬಸುರಿಗೆ ಜೈಲು, ಮಾರುವವನಿಗೆ ಲೈಸೆನ್ಸ್, ಇದು ಯಾವ ನ್ಯಾಯ? ಇನ್ನೊಂದು ಮಾತು. ಆಡಂ ದತ್ತು ಹೋದ ಕಾಲದಲ್ಲಿ ಮೂಲನಿವಾಸಿ ಮಕ್ಕಳಲ್ಲಿ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಮನೆಯಿಂದ ಬೇರ್ಪಟ್ಟಿದ್ದರೆಂದು ಅಂದಿನ ಸಮೀಕ್ಷೆಗಳು ಹೇಳಿದವು. ಅದನ್ನು ತಡೆಯಲು 1978ರಲ್ಲಿ ಕಾನೂನೇ ಬರಬೇಕಾಯಿತು. ಬಳ್ಳಿ ಹರಿದದ್ದು ಒಬ್ಬ ತಾಯಿಯ ಕೈಯಲ್ಲಿ ಮಾತ್ರವಲ್ಲ.

ನಮ್ಮ ಕೇರಿಗಳಿಗೆ ಇದು ಹೊಸ ಕತೆಯೇನಲ್ಲ. 2007ರಲ್ಲಿ ಕರ್ನಾಟಕದಲ್ಲಿ ಸಾರಾಯಿ ನಿಂತಿತು, ಅದರ ಜಾಗಕ್ಕೆ ಅಗ್ಗದ ವಿಸ್ಕಿ ಬಂತು. ಬೊಕ್ಕಸಕ್ಕೆ ದುಡ್ಡು, ಕೇರಿಗೆ ‘ಕುಡುಕರು’ ಎಂಬ ಬಿರುದು.

ಹಾಗಂತ ಬಸುರಿಯ ಕುಡಿತ ಮಗುವಿಗೆ ಏನೂ ಮಾಡುವುದಿಲ್ಲ ಅಂತ ನಾವು ಹೇಳುತ್ತಿಲ್ಲ. ಮಾಡುತ್ತದೆ, ಆ ಗಾಯ ಮಾಯುವುದಿಲ್ಲ. ಇದನ್ನು ಊರಿಗೆಲ್ಲ ತಿಳಿಸಿದ್ದು ಡೋರಿಸ್‌ನ ಉಪಕಾರ. ಆದರೆ ತಿಳಿವಳಿಕೆ ಕೊಡುವುದು ಬೇರೆ, ಅಪರಾಧಿಯನ್ನು ಗೊತ್ತುಮಾಡುವುದು ಬೇರೆ. ಪೊಲೀಸರ ಭಯ ಹುಟ್ಟಿದರೆ ಆ ಹೆಂಗಸು ಆಸ್ಪತ್ರೆಯ ಬಾಗಿಲನ್ನೇ ತುಳಿಯುವುದಿಲ್ಲ.

ಇನ್ನೊಂದು ಕೊರತೆ ನಮ್ಮನ್ನು ಹೆಚ್ಚು ಕಾಡುತ್ತದೆ. ಮಗನಿಗೆ ಏನೇನು ತಿಳಿಯಲಾರದು ಎಂದು ತಂದೆ ಉದ್ದಕ್ಕೂ ಹೇಳುತ್ತಾ ಹೋಗುತ್ತಾನೆ. ಆಡಂ ತಾನೇ ಬರೆದ ತನ್ನ ಕತೆ ಪುಸ್ತಕದ ಕೊನೆಯಲ್ಲಿದೆ. ಅಲ್ಲಿ ಮಾತಾಡುವವನು ರೋಗಿಯಲ್ಲ, ತನ್ನ ದಿನಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮನುಷ್ಯ. ಅವನನ್ನು ಮೊದಲೇ ಕೇಳಬೇಕಿತ್ತು. 1991ರಲ್ಲಿ, ಇಪ್ಪತ್ತಮೂರರ ಪ್ರಾಯದಲ್ಲಿ, ಕಾರು ಬಡಿದು ಅವನು ಸತ್ತ.

ಹಳ್ಳಿ ಶಾಲೆಯ ಮೇಷ್ಟ್ರುಗಳೇ, ನಿನ್ನೆ ಹೇಳಿದ್ದನ್ನು ಇವತ್ತು ಮರೆತು ಬರುವ ಮಗು ನಿಮ್ಮ ಹಿಂದಿನ ಬೆಂಚಿನಲ್ಲೂ ಇರುತ್ತದೆ. ಅದಕ್ಕೆ ‘ದಡ್ಡ’ ಅಂತ ಹೆಸರಿಡಬೇಡಿ, ಅದರ ಅವ್ವನ ಚರಿತ್ರೆ ಕೆದಕಬೇಡಿ. ಹೇಳಿದ್ದನ್ನೇ ಮತ್ತೆ ಹೇಳಿಕೊಡಿ. ತಾಲ್ಲೂಕಿಗೆ ಅಂಥ ಮಕ್ಕಳ ಡಾಕ್ಟರು ಬೇಕು, ವಿಶೇಷ ಮೇಷ್ಟ್ರು ಬೇಕು ಅಂತ ನಮ್ಮ ಜೊತೆ ಬೀದಿಗೆ ಬನ್ನಿ.