ತಲ್ಲಣ, ತಾಳ್ಮೆ, ಹೊಣೆ: ಕನಕದಾಸರ ಒಂದು ಕೀರ್ತನೆಯ ಮರುವಾಚನ

ದಾಸಸಾಹಿತ್ಯದಲ್ಲಿ ಅಭಯವನ್ನು ಕುರಿತ ರಚನೆಗಳು ಹೇರಳವಾಗಿವೆ. ಅವುಗಳಲ್ಲಿ ಕನಕದಾಸರ ‘ತಲ್ಲಣಿಸದಿರು’ ಎಂದು ಮೊದಲಾಗುವ ಕೀರ್ತನೆಯಷ್ಟು ಜನಮನದಲ್ಲಿ ನೆಲೆಸಿದುದು ವಿರಳ. ಕರ್ನಾಟಕದ ಹೊರಗೂ ಅದರ ಬಳಕೆ ಕುಂದಿಲ್ಲ. ಠಾಣೆ ನಿಲ್ದಾಣದ ಪೂರ್ವಕ್ಕಿರುವ ಕೋಪರಿಯಂಥ ಬಡಾವಣೆಗಳಲ್ಲಿ, ಹೊಟ್ಟೆಪಾಡಿಗಾಗಿ ಕರಾವಳಿಯಿಂದಲೋ ಉತ್ತರ ಕರ್ನಾಟಕದಿಂದಲೋ ಬಂದು ನೆಲೆಸಿದ ಕುಟುಂಬಗಳ ಮನೆಭಜನೆಯಲ್ಲಿ ಇದು ಕೇಳಿಬರುತ್ತದೆ. ಕನ್ನಡ ಲಿಪಿ ಬಾರದ ಮಕ್ಕಳು ದೇವನಾಗರಿಯಲ್ಲಿ ಬರೆದುಕೊಂಡು ದನಿಗೂಡಿಸುವುದೂ ಉಂಟು. (ಠಾಣೆ ಕನ್ನಡ ನಾಡಿನ ಚರಿತ್ರೆಗೆ ಅಪರಿಚಿತವಾದ ಊರಲ್ಲ. ರಾಷ್ಟ್ರಕೂಟರ ಸಾಮಂತರಾಗಿದ್ದ ಉತ್ತರ ಕೊಂಕಣದ ಶಿಲಾಹಾರರಿಗೆ ಇದೇ ‘ಸ್ಥಾನಕ’ ರಾಜಧಾನಿಯಾಗಿತ್ತು. ಆ ವಿಚಾರ ಬೇರೊಂದು ಲೇಖನಕ್ಕೆ ತಕ್ಕುದು.) ಊರು ಬಿಟ್ಟು ಬಂದವರ ಬಾಯಲ್ಲಿ ಈ ಕೀರ್ತನೆ ಇಷ್ಟೊಂದು ಉಳಿದಿರುವುದಕ್ಕೆ ಭಕ್ತಿಯೊಂದೇ ಕಾರಣವೆಂದು ಹೇಳಿ ಮುಗಿಸುವುದು ಸುಲಭ. ಆದರೆ ಕೃತಿಯ ಶಬ್ದವಿನ್ಯಾಸದಲ್ಲಿಯೇ ಇದಕ್ಕೊಂದು ಕಾರಣ ಅಡಗಿದೆಯೆಂಬುದು ನಮ್ಮ ಅಭಿಪ್ರಾಯ.

ಮೊದಲು ‘ತಲ್ಲಣಿಸು’ ಎಂಬ ಕ್ರಿಯಾಪದವನ್ನೇ ನೋಡಬಹುದು. ಕನ್ನಡದಲ್ಲಿ ‘ಅಂಜು’ ಎಂಬುದಕ್ಕೆ ಚತುರ್ಥಿಯ ಅಪೇಕ್ಷೆ ಇದೆ. ಹುಲಿಗೆ ಅಂಜುತ್ತೇವೆ, ಅರಸನಿಗೆ ಅಂಜುತ್ತೇವೆ. ತಲ್ಲಣಕ್ಕೆ ಅಂಥ ಗುರಿ ಬೇಕಿಲ್ಲ. ಅದು ಮನಸ್ಸಿನ ಅಲ್ಲೋಲಕಲ್ಲೋಲ. ಕಾರಣವನ್ನು ಬೆರಳಿಟ್ಟು ತೋರಿಸಲಾಗದಿದ್ದರೂ ಇರಬಲ್ಲದು. ಕೀರ್ತನೆಯೂ ಕಾರಣವನ್ನು ಹೇಳುವುದಿಲ್ಲ. ಶತ್ರುವಿನ, ರೋಗದ, ಮರಣದ ಪ್ರಸ್ತಾಪ ಅಲ್ಲಿಲ್ಲ. ಹೆಸರಿಲ್ಲದ ಭಯಕ್ಕೆ ಕೊಟ್ಟ ಉತ್ತರವಾದುದರಿಂದಲೇ ಯಾವ ಕಾಲದ, ಯಾವ ಊರಿನ ಭಯವಾದರೂ ಅದರೊಳಗೆ ಸೇರಿಕೊಳ್ಳಬಹುದು.

12ನೆಯ ಶತಮಾನದ ಅಕ್ಕಮಹಾದೇವಿಯ ಸುಪ್ರಸಿದ್ಧ ವಚನವೊಂದರೊಡನೆ ಹೋಲಿಸಿದರೆ ಈ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಬೆಟ್ಟದ ಮೇಲೆ, ಸಮುದ್ರದ ತಡಿಯಲ್ಲಿ, ಸಂತೆಯೊಳಗೆ ಮನೆ ಮಾಡಿದವರನ್ನು ಕುರಿತ ವಚನವದು. ಅಲ್ಲಿ ಪ್ರತಿಯೊಂದು ಅಂಜಿಕೆಗೂ ಗೊತ್ತಾದ ನಿಮಿತ್ತವಿದೆ: ಮೃಗ, ತೆರೆ, ಗದ್ದಲ. ಮನೆ ಕಟ್ಟಿದವರು ತಿಳಿದೇ ಕಟ್ಟಿದ್ದಾರೆ. ಆದುದರಿಂದ ಅಂಜುವುದಕ್ಕೆ ಅವರಿಗೆ ಅಧಿಕಾರವಿಲ್ಲ. ಗಮನಿಸಬೇಕಾದ ಅಂಶವೆಂದರೆ, ಅಕ್ಕ ರಕ್ಷಣೆಯ ಭರವಸೆಯನ್ನು ಕೊಡುವುದೇ ಇಲ್ಲ. ಚೆನ್ನಮಲ್ಲಿಕಾರ್ಜುನನು ಮೃಗಗಳನ್ನು ಓಡಿಸುವನೆಂದು ಆಕೆ ಹೇಳಳು. ಆಕೆ ಬೇಡುವುದು ಸಮಾಧಾನವನ್ನು ಮಾತ್ರ, ಅದೂ ಭಕ್ತನಿಂದಲೇ.

ಕನಕದಾಸರ ಕೀರ್ತನೆಯಲ್ಲೂ ಬೆಟ್ಟವೊಂದು ಬರುತ್ತದೆ. ಆದರೆ ಅದರ ತುದಿಯಲ್ಲಿರುವುದು ಮನೆಯಲ್ಲ, ಮರ. ಮರ ತಾನು ಹುಟ್ಟುವ ನೆಲೆಯನ್ನು ಆರಿಸಿಕೊಳ್ಳಲಾರದು. ಬೀಜ ಬಿದ್ದಲ್ಲಿ ಬೇರೂರಬೇಕು. ಬಂಡೆಯೊಳಗಿನ ಕಪ್ಪೆಯ ಪಾಡೂ ಅಷ್ಟೆ. ಅಕ್ಕನದು ಆಯ್ದುಕೊಂಡ ನೆಲೆಯ ಭಯವಾದರೆ ಕನಕರದು ಒದಗಿಬಂದ ನೆಲೆಯ ಭಯ. ಇವೆರಡಕ್ಕೆ ಒಂದೇ ಉತ್ತರ ಸಲ್ಲದು. ಕೋಪರಿಯ ವಲಸಿಗನ ಮನೆ ಇವುಗಳಲ್ಲಿ ಯಾವುದಕ್ಕೆ ಸೇರುತ್ತದೆ? ತಾನೇ ಮೂಟೆ ಕಟ್ಟಿ ಬಂದವನಾದ್ದರಿಂದ ಅದು ಬೆಟ್ಟದ ಮೇಲಿನ ಮನೆ. ಬರವೋ ಸಾಲವೋ ಅಟ್ಟಿದ್ದರಿಂದ ಬಂದುದಾದರೆ ಬೆಟ್ಟದ ತುದಿಯ ಮರ. ಅಲ್ಲಿ ಕನಕರ ಕೀರ್ತನೆಗೆ ಓಗೊಡುವ ಮನಸ್ಸು ಈ ಎರಡನೆಯ ಅನುಭವವನ್ನು ಬಲ್ಲದು ಎಂದು ನನಗೆ ತೋರುತ್ತದೆ.

ಕೀರ್ತನೆಯ ತಿರುಳಿರುವುದು ‘ಹೊಣೆಗಾರ’ ಎಂಬ ಮಾತಿನಲ್ಲಿ. ಹುಟ್ಟಿಸಿದ ಸ್ವಾಮಿಯೇ ಹೊಣೆಗಾರನೆಂದು ಕವಿ ಹೇಳುತ್ತಾನೆ. ವ್ಯಾಖ್ಯಾನಕಾರರು ಸಾಮಾನ್ಯವಾಗಿ ಇದನ್ನು ‘ಕಾಪಾಡುವವನು’ ಎಂದು ಸಡಿಲವಾಗಿ ಅರ್ಥೈಸಿ ಮುಂದೆ ಸಾಗುತ್ತಾರೆ. ಹೊಣೆ ವ್ಯವಹಾರದ ಶಬ್ದ. ಸಾಲಗಾರನ ಪರವಾಗಿ ನಿಲ್ಲುವವನು ಹೊಣೆ. ಸಾಲ ತೀರುವ ತನಕ ಅವನಿಗೂ ಬಿಡುಗಡೆಯಿಲ್ಲ. ಹೊಣೆಯಿರುವುದರಿಂದ ಸಾಲ ಇಲ್ಲವಾಗುವುದಿಲ್ಲ, ಸಾಲಗಾರ ಒಂಟಿಯಲ್ಲವೆಂಬುದಷ್ಟೇ ಖಚಿತವಾಗುತ್ತದೆ. ವಿಶ್ವಾಸವೆಂದರೆ ಮುಂದೆ ಕೇಡು ಬಾರದೆಂಬ ನಂಬಿಕೆ ಎಂದು ತಿಳಿಯುವುದಕ್ಕೂ, ಬಂದಾಗ ಜೊತೆಗೆ ನಿಲ್ಲುವವನೊಬ್ಬನಿದ್ದಾನೆ ಎಂದು ತಿಳಿಯುವುದಕ್ಕೂ ಬಹಳ ಅಂತರವಿದೆ. ಕೀರ್ತನೆ ಎರಡನೆಯದನ್ನೇ ಹೇಳುತ್ತಿದೆ.

ರಾಘವಾಂಕನ ಹರಿಶ್ಚಂದ್ರನ ಪರಿಸ್ಥಿತಿಯನ್ನು ಇಲ್ಲಿ ನೆನೆಯಬೇಕು. ರಾಜ್ಯವನ್ನು ಕಳೆದುಕೊಂಡ ಮೇಲೂ ಕೊಡಲೊಪ್ಪಿದ ಧನದ ಋಣ ಅವನ ಬೆನ್ನಿಗಿದೆ. ವಸೂಲಿಗೆಂದು ವಿಶ್ವಾಮಿತ್ರನು ಕಳಿಸಿದ ನಕ್ಷತ್ರಿಕ ಜೊತೆಯಲ್ಲೇ ನಡೆಯುತ್ತಾನೆ. ಈ ಸಾಲಗಾರನಿಗೆ ಹೊಣೆ ನಿಲ್ಲುವವರು ಯಾರೂ ಕಾಣಿಸರು. ಹೆಂಡತಿ ಮಕ್ಕಳನ್ನು ಮಾರಿ ತನ್ನನ್ನೂ ಮಾರಿಕೊಂಡು, ಕೊನೆಗೆ ಚಂದ್ರಮತಿಯ ಮೇಲೆ ಕತ್ತಿ ಎತ್ತುವವರೆಗೂ ಅವನು ಮುಂದೆಯೇ ನಡೆಯುತ್ತಾನೆ. ವಿಶ್ವನಾಥನು ಮೈದೋರುವುದು ಅಲ್ಲಿಗೆ ಬಂದ ಮೇಲೆ. ದೈವ ಕಾಣದಿರುವಾಗಲೂ ನಡೆಯುವ ನಡೆ ಅದು. ನಮ್ಮ ಮಧ್ಯಕಾಲೀನ ಕಾವ್ಯಗಳಲ್ಲಿ ಇದಕ್ಕಿಂತ ಕಠಿನವಾದ ವಿಶ್ವಾಸದ ಚಿತ್ರವನ್ನು ನಾನು ಕಂಡಿಲ್ಲ.

ಕನಕರ ಕೀರ್ತನೆ ನಿಷ್ಕ್ರಿಯತೆಯನ್ನು ಬೋಧಿಸುತ್ತದೆಯೆಂಬ ಆಕ್ಷೇಪ ಆಗಾಗ ಕೇಳಿಬರುತ್ತದೆ. ಪಲ್ಲವಿಯ ‘ತಾಳು’ ಎಂಬ ಮಾತೇ ಇದಕ್ಕೆ ಆಧಾರ. ಈ ಆಕ್ಷೇಪವನ್ನು ಎತ್ತುವವರು ಅದೇ ಕವಿಯ ‘ರಾಮಧಾನ್ಯಚರಿತ್ರೆ’ಯನ್ನು ಮರೆತಂತಿದೆ. ಅಲ್ಲಿ ನರೆದಲೆಗ, ಎಂದರೆ ರಾಗಿ, ವ್ರಿಹಿಯ ಹೀಯಾಳಿಕೆಗೆ ತುಂಬಿದ ಸಭೆಯಲ್ಲಿ ಎದುರುತ್ತರ ಕೊಡುತ್ತದೆ. ಆ ಬಳಿಕವೇ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾರೆ. ಅಕ್ಕಿ ಸಾರಗುಂದುತ್ತದೆ, ರಾಗಿ ಕೆಡದೆ ಹೊರಬರುತ್ತದೆ. ತಾಳುವುದು ಇಲ್ಲಿ ಕೈಕಟ್ಟಿ ಕೂರುವುದಲ್ಲ; ಆಡಬೇಕಾದ ಮಾತನ್ನು ಆಡಿ, ತೀರ್ಪು ಬರುವವರೆಗೆ ಕೆಡದೆ ಉಳಿಯುವ ಸತ್ತ್ವ. ಬಾಳಿಕೆ ಬರುವುದಕ್ಕೆ ರೈತಾಪಿ ಜನ ಬಳಸುವ ಅರ್ಥವೂ ಇದೇ.

ಈ ಹೊಣೆಯ ಭಾವನೆ ಕಳಚಿಹೋದಾಗ ಏನಾಗುತ್ತದೆಂಬುದಕ್ಕೆ ಮುಂಬಯಿಯ ಕನ್ನಡ ಸಾಹಿತ್ಯವೇ ಸಾಕ್ಷಿ ನೀಡುತ್ತದೆ. ಯಶವಂತ ಚಿತ್ತಾಲರ ‘ಶಿಕಾರಿ’ಯ (1979) ನಾಗಪ್ಪ ಕೆಲಸದಿಂದ ಅಮಾನತುಗೊಂಡಿದ್ದಾನೆ, ಆಪಾದನೆ ಏನೆಂಬುದೇ ಅವನಿಗೆ ಮೊದಲಿಗೆ ತಿಳಿಯದು. ಗುರಿಯಿಲ್ಲದ ಭಯ ಅದೂ ಹೌದು, ಶುದ್ಧ ತಲ್ಲಣವೇ. ಆದರೆ ಅವನು ತನ್ನ ಮನಸ್ಸಿಗೆ ಹೇಳಿಕೊಳ್ಳಬಹುದಾದ ಸಂಬೋಧನೆಯ ಮಾತು ಕಾದಂಬರಿಯ ಲೋಕದಲ್ಲಿ ಉಳಿದಿಲ್ಲ. ಮನಸ್ಸು ಅಲ್ಲಿ ತನ್ನನ್ನೇ ಬೇಟೆಯಾಡುತ್ತದೆ.

ಇಷ್ಟಾದರೂ ಕೀರ್ತನೆಯ ತರ್ಕದಲ್ಲಿ ಒಂದು ಬಿರುಕಿದೆ. ಅದನ್ನು ಮುಚ್ಚಿಡುವುದು ವಿಮರ್ಶೆಯ ಧರ್ಮವಲ್ಲ. ಕವಿ ತೋರಿಸುವುದು ಬೆಳೆದುನಿಂತ ಮರವನ್ನು. ಅದೇ ಬೆಟ್ಟದಲ್ಲಿ ಮೊಳೆತು ಒಣಗಿದ ಸಸಿಗಳ ಲೆಕ್ಕ ಅವನಲ್ಲಿಲ್ಲ. ಹಸಿವನ್ನೂ ಅವಮಾನವನ್ನೂ ಬಲ್ಲ ಕನಕರು ಇದನ್ನು ಕಾಣದವರೆಂದು ನಂಬುವುದು ಕಷ್ಟ. ಇದರ ಜೊತೆಗೆ ಅವರ ‘ಹರಿಭಕ್ತಿಸಾರ’ವನ್ನಿಟ್ಟು ಓದಬೇಕು. ಭಾಮಿನೀ ಷಟ್ಪದಿಯ ನೂರಕ್ಕೂ ಮಿಕ್ಕ ಪದ್ಯಗಳು ರಕ್ಷಣೆಯ ಮೊರೆಯಲ್ಲಿಯೇ ಮುಗಿಯುತ್ತವೆ. ಸಂಶಯವೇ ಇಲ್ಲವೆಂದು ಮನಸ್ಸಿಗೆ ಹೇಳಿದ ಕವಿ ದೇವರೆದುರು ನಿಂತಾಗ ಒಮ್ಮೆ ಕೇಳಿ ಸುಮ್ಮನಾಗುವುದಿಲ್ಲ. ಪದ್ಯ ಪದ್ಯಕ್ಕೂ ಮತ್ತೆ ಕೇಳುತ್ತಾನೆ. ಹೊಣೆಗಾರನನ್ನು ಹೊಣೆಯ ನೆನಪು ಮಾಡಿಕೊಟ್ಟು ಕಾಡುವುದು ಸಾಲಗಾರನ ಹಕ್ಕು. ಆ ಹಕ್ಕನ್ನು ಅವನು ಕೊನೆಯ ಪದ್ಯದವರೆಗೂ ಬಿಟ್ಟುಕೊಟ್ಟಿಲ್ಲ.